ಹೋಮ್ ಥಿಯೇಟರ್ ಕರಕರ ಅಂದ ಕೂಡಲೇ ಎಕ್ಸ್‌ಚೇಂಜಿಗೆ ಕೊಡಬೇಡಿ

ಸಂಪಾದಕರಿಗೆ ನಮಸ್ಕಾರ.

ಚೌತಿ ಮುಗಿಯಿತು, ದಸರೆ ಹತ್ತಿರ ಬಂತು. ಈಗ ಪೇಪರ್ ಬಿಡಿಸಿದರೆ ಸುದ್ದಿಗಿಂತ ಮೊದಲು ಎಕ್ಸ್‌ಚೇಂಜ್ ಆಫರ್ ಸಿಗುತ್ತದೆ. ಹಳೆ ಟಿವಿ ತನ್ನಿ, ಹಳೆ ಹೋಮ್ ಥಿಯೇಟರ್ ತನ್ನಿ, ಹೊಸದು ಒಯ್ಯಿರಿ. ಜಾಹೀರಾತು ಇಲ್ಲದೆ ಪೇಪರ್ ನಡೆಯುವುದಿಲ್ಲ ಅಂತ ಗೊತ್ತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೋದ ತಿಂಗಳು ಅಂಥದ್ದೇ ಒಂದು ಜಾಹೀರಾತು ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡು ಅಂಗಡಿಗೆ ಹೊರಟವನು ಅರ್ಧ ದಾರಿಯಲ್ಲಿ ತಿರುಗಿ ಮನೆಗೆ ಬಂದೆ. ಯಾಕೆ ಅಂತ ಬರೆಯುತ್ತೇನೆ. ಪತ್ರ ಉದ್ದ ಆಗಬಹುದು, ಕತ್ತರಿ ಹೇಗೂ ನಿಮ್ಮ ಕೈಯಲ್ಲೇ ಇದೆ.

ನಮ್ಮದು ಕುಮಟಾ. ಸಮುದ್ರ ಮನೆಯಿಂದ ಎರಡು ಕಿಲೋಮೀಟರ್ ಕೂಡ ಇಲ್ಲ. 2016ರಲ್ಲಿ ಆಸೆಪಟ್ಟು ಒಂದು 5.1 ಹೋಮ್ ಥಿಯೇಟರ್ ತಂದೆ. ಟಿವಿಯ ಆಚೆ ಈಚೆ ಎರಡು ಬಾಕ್ಸ್, ಟಿವಿ ಕೆಳಗೆ ನಡುವೆ ಒಂದು, ನಾವು ಕೂರುವ ಸೋಫಾದ ಹಿಂದೆ ಎರಡು, ಮೂಲೆಯಲ್ಲಿ ದಪ್ಪ ದನಿ ಕೊಡುವ ಸಬ್‌ವೂಫರ್. ಇದೆಲ್ಲವನ್ನೂ ನಡೆಸುವ ರಿಸೀವರ್ ಒಂದು. ಮಗ ಊರಲ್ಲಿದ್ದಾಗ ಸಿನಿಮಾ ನೋಡುತ್ತಿದ್ದ. ಅವನು ಬೆಂಗಳೂರು ಸೇರಿದ ಮೇಲೆ ಅದು ನನ್ನ ಅಪ್ಪನ ಪಾಲಾಯಿತು. ಅಪ್ಪನಿಗೆ ಯಕ್ಷಗಾನ ಬಿಟ್ಟರೆ ಬೇರೆ ಏನೂ ಬೇಡ. ಟಿವಿಯಲ್ಲಿ ಯೂಟ್ಯೂಬ್ ಹಾಕಿ, ಆರೂ ಬಾಕ್ಸಿನಲ್ಲಿ ಸದ್ದು ಬರುವ ಹಾಗೆ ರಿಸೀವರ್ ಇಟ್ಟುಕೊಡಬೇಕು. ಆಗ ಬಯಲಿನಲ್ಲಿ ಕೂತ ಹಾಗೆ ಆಗುತ್ತದಂತೆ.

ಈ ಮಳೆಗಾಲದಲ್ಲಿ ಶುರುವಾಯಿತು ಕರಕರ. ಭಾಗವತರು ಪದ ಎತ್ತಿದರೆ ಹಿಂದಿನಿಂದ ಕರಕರ, ಮದ್ದಲೆ ಜೋರಾದರೆ ಇನ್ನೂ ಜಾಸ್ತಿ. ಅಪ್ಪ ಎರಡು ದಿನ ಸುಮ್ಮನಿದ್ದರು. ಮೂರನೇ ದಿನ, "ಆಟಕ್ಕೆ ಹೋದಾಗ ಹಿಂದಿನ ಸಾಲಲ್ಲಿ ಯಾರೋ ಶೇಂಗಾ ಒಡೀತಾ ಕೂತ ಹಾಗೆ ಆಗ್ತದೆ ಮಾರಾಯ" ಅಂದರು. ಈ ಮಾತನ್ನು ಅವತ್ತೇ ಕಿವಿಗೆ ಹಾಕಿಕೊಂಡಿದ್ದರೆ ನನ್ನ ಅರ್ಧ ಕೆಲಸ ಉಳಿಯುತ್ತಿತ್ತು. ಹಿಂದಿನ ಸಾಲು ಅಂತ ಅವರು ಜಾಗವನ್ನೇ ಹೇಳಿದ್ದರು. ನಾನು ನಕ್ಕು ಕಂಪನಿಗೆ ಫೋನ್ ಮಾಡಿದೆ.

ಕಂಪನಿಯ ಹೆಸರು ಬೇಡ, ಎಲ್ಲರದ್ದೂ ಹೆಚ್ಚುಕಡಿಮೆ ಇದೇ ಕಥೆ ಇರಬಹುದು. ದೂರು ಕೊಡುವುದಕ್ಕೆ ಒಂದು ಆ್ಯಪ್. ಅದರಲ್ಲಿ ನಮ್ಮ ತೊಂದರೆ ಯಾವುದು ಅಂತ ಆರಿಸಬೇಕು. ಸೌಂಡ್ ಇಲ್ಲ, ಸೌಂಡ್ ಕಡಿಮೆ, ರಿಮೋಟ್ ಕೆಲಸ ಮಾಡುತ್ತಿಲ್ಲ, ಇತರೆ. ಕರಕರ ಅನ್ನುವುದು 'ಇತರೆ'ಗೆ ಸೇರಿತು. ಐದನೇ ದಿನ ಬೇರೆ ಊರಿಂದ ಒಬ್ಬ ಹುಡುಗ ಬಂದ. ಆನ್ ಮಾಡಿದ, ಐದು ನಿಮಿಷ ಕೇಳಿದ, ಹಿಂದೆ ಇದ್ದ ಒಂದು ವಯರನ್ನೂ ಮುಟ್ಟಲಿಲ್ಲ. "ಬೋರ್ಡ್ ಹೋಗಿದೆ ಸರ್, ಈ ಮಾಡೆಲ್‌ಗೆ ಈಗ ಬೋರ್ಡ್ ಬರಲ್ಲ, ಸುಮ್ನೆ ದುಡ್ಡು ಹಾಳು ಮಾಡೋ ಬದಲು ಹೊಸದು ತಗೊಳ್ಳಿ" ಅಂದ. ಬಂದು ನೋಡಿದ್ದಕ್ಕೆ 600 ರೂಪಾಯಿ. ಹುಡುಗನನ್ನು ಬೈಯುವುದಿಲ್ಲ, ಅವನಿಗೆ ಒಂದೇ ದಿನ ಏಳೆಂಟು ಮನೆ ಸುತ್ತುವುದಿತ್ತು.

ಹಾಗಾಗಿ ಜಾಹೀರಾತು ಹಿಡಿದು ಹೊರಟೆ. ದಾರಿಯಲ್ಲಿ ನಮ್ಮ ಕಡೆಯ ಒಬ್ಬ ಹಳೇ ರೇಡಿಯೋ ರಿಪೇರಿಯವರ ಅಂಗಡಿ. ವಯಸ್ಸು ಎಪ್ಪತ್ತರ ಮೇಲೆ. ಈಗ ಹೆಚ್ಚಾಗಿ ಮಿಕ್ಸಿ, ಟೇಬಲ್ ಫ್ಯಾನ್ ಅಷ್ಟೇ ಮಾಡುತ್ತಾರೆ. ಮಾತಿಗೆ ಮಾತು ಬಂದು ವಿಷಯ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ ಇದು: "ತಮ್ಮಾ, ಸದ್ದು ಹೆಂಗೆ ಬರ್ತದೆ, ಬಾಯಲ್ಲಿ ಮಾಡಿ ತೋರಿಸು."

ಪೇಟೆ ಬೀದಿಯಲ್ಲಿ ನಿಂತು ಕರ್ರ್ ಕರಕರ ಅಂತ ಮಾಡಿ ತೋರಿಸಿದೆ. ಪಕ್ಕದ ಹೂವಿನ ಅಂಗಡಿಯವಳು ನಗುತ್ತಿದ್ದಳು. ಅವರು ನಗಲಿಲ್ಲ. "ಒಂದೇ ಬಾಕ್ಸಲ್ಲೋ, ಎಲ್ಲದರಲ್ಲೋ? ಟಿವಿ ಹಾಕಿದಾಗ ಮಾತ್ರವೋ, ಪೆನ್‌ಡ್ರೈವ್ ಹಾಕಿದರೂ ಬರ್ತದೋ? ಹಾಕಿದ ಕೂಡಲೇ ಬರ್ತದೋ, ಬಿಸಿ ಆದ ಮೇಲೋ?" ಅಂತ ಒಂದರ ಹಿಂದೆ ಒಂದು ಕೇಳಿದರು. ನನ್ನ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ. "ಇದು ಗೊತ್ತಿಲ್ಲದೆ ಬೋರ್ಡ್ ಹೋಯ್ತು ಅಂತ ಹೇಳಿದ್ದು ಯಾರು? ಮನೆಗೆ ಹೋಗು. ಹಿಂದಿನ ಎಡದ ವಯರು ಬಲಕ್ಕೆ ಹಾಕು, ಬಲದ್ದು ಎಡಕ್ಕೆ. ಸದ್ದು ಎಲ್ಲಿಗೆ ಹೋಗ್ತದೆ ನೋಡಿ ಬಂದು ಹೇಳು." ಅಷ್ಟೇ. ದುಡ್ಡು ಕೇಳಲಿಲ್ಲ, ಕೊಟ್ಟರೆ ತಗೊಳ್ಳುತ್ತಲೂ ಇರಲಿಲ್ಲ.

ಮನೆಗೆ ಬಂದು ಮೊದಲು ಮಗನಿಗೆ ಫೋನ್ ಮಾಡಿದೆ. ಅವನು, "ಅಪ್ಪಾ, ರಿಸೀವರಲ್ಲಿ ಟೆಸ್ಟ್ ಟೋನ್ ಅಂತ ಇದೆ, ಅದನ್ನ ಹಾಕಿ" ಅಂದ. ಒಂಬತ್ತು ವರ್ಷದಲ್ಲಿ ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ಹಾಕಿದರೆ ಒಂದೊಂದೇ ಬಾಕ್ಸಿನಲ್ಲಿ ಸರದಿ ಪ್ರಕಾರ ಜಲಪಾತ ದೂರದಿಂದ ಕೇಳಿದ ಹಾಗೆ ಶ್ಶ್ ಅಂತ ಬರುತ್ತದೆ. ಈ ಸದ್ದು ಟಿವಿಯಿಂದಲೋ ಸೆಟ್‌ಟಾಪ್ ಬಾಕ್ಸಿನಿಂದಲೋ ಬರುವುದಲ್ಲ, ರಿಸೀವರ್ ತಾನೇ ಹುಟ್ಟಿಸುವುದು. ಹಾಗಾಗಿ ಇದರಲ್ಲೂ ಕರಕರ ಕೇಳಿದರೆ ಟಿವಿ, ಚಿತ್ರ ಸದ್ದು ಸಾಗಿಸುವ ಎಚ್‌ಡಿಎಂಐ ಕೇಬಲ್, ಇಂಟರ್‌ನೆಟ್ ಇವುಗಳ ಮೇಲಿನ ಅನುಮಾನ ಅಲ್ಲಿಗೇ ಮುಗಿಯಿತು. ಮುಂದಿನ ಮೂರೂ ಸ್ವಚ್ಛ. ಹಿಂದಿನ ಬಲ ಸ್ವಚ್ಛ. ಹಿಂದಿನ ಎಡ, ಶೇಂಗಾ. ಅಪ್ಪ ಕೂತಲ್ಲಿಂದಲೇ "ನಾ ಹೇಳಿರಲಿಲ್ವಾ" ಅಂದರು.

ಆಮೇಲೆ ರಿಸೀವರ್ ಆಫ್ ಮಾಡಿ ಪ್ಲಗ್ ಕಿತ್ತು, ಅದರ ಹಿಂದುಗಡೆ ಎಡ ಬಲದ ವಯರು ಅದಲು ಬದಲು ಮಾಡಿದೆ. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಆನ್ ಇದ್ದಾಗ ಸ್ಪೀಕರ್ ವಯರು ಮುಟ್ಟಬೇಡಿ. ಕೆಂಪು ಕಪ್ಪು ಒಂದಕ್ಕೊಂದು ತಾಗಿದರೆ ಆಗ ನಿಜವಾಗಿಯೂ ಬೋರ್ಡ್ ಹೋಗಬಹುದು, ಸರ್ವಿಸ್ ಹುಡುಗ ಹೇಳಿದ್ದು ಸತ್ಯ ಆಗಿಬಿಡುತ್ತದೆ.

ಬದಲಾಯಿಸಿ ಹಾಕಿದೆ. ಕರಕರ ಎಡದ ಬಾಕ್ಸಿನಲ್ಲೇ ಉಳಿಯಿತು. ರಿಸೀವರಿನ ಎಡದ ದಾರಿ ಕೆಟ್ಟಿದ್ದರೆ ಕರಕರ ಬಲದ ಬಾಕ್ಸಿಗೆ ಹೋಗಬೇಕಿತ್ತು. ಹೋಗಲಿಲ್ಲ. ಅಂದರೆ ಬೋರ್ಡ್ ನೆಟ್ಟಗಿದೆ. ಇನ್ನು ಉಳಿದದ್ದು ಎರಡೇ, ಬಾಕ್ಸ್ ಇಲ್ಲವೇ ವಯರು. ಎರಡೂ ಬಾಕ್ಸನ್ನು ಕಿತ್ತು ಇದನ್ನು ಅಲ್ಲಿಗೆ ಅದನ್ನು ಇಲ್ಲಿಗೆ ಸಿಕ್ಕಿಸಿದೆ. ಈಗ ಎಡದ ಜಾಗಕ್ಕೆ ಬಂದ ಒಳ್ಳೆ ಬಾಕ್ಸೂ ಕರಕರ ಅಂದಿತು, ಬಲಕ್ಕೆ ಹೋದ, ಕೆಟ್ಟಿದೆ ಅಂದುಕೊಂಡ ಬಾಕ್ಸು ಬಾಯಿ ಮುಚ್ಚಿತು. ಕಳ್ಳ ಸಿಕ್ಕಿದ. ವಯರು. ಇಷ್ಟಕ್ಕೆ ಹಿಡಿದದ್ದು ಮುಕ್ಕಾಲು ಗಂಟೆ, ಅದರಲ್ಲೂ ಅರ್ಧ ಸೋಫಾ ಸರಿಸುವುದಕ್ಕೆ.

ವಯರು ಹೋಗಿದ್ದು ದೊಡ್ಡ ಕಪಾಟಿನ ಹಿಂದಿನಿಂದ. ಕಪಾಟು ಮುಂದೆ ಎಳೆದರೆ ಎಲ್ಲ ಅಲ್ಲೇ ಇತ್ತು. 2021ರಲ್ಲಿ ಮನೆಗೆ ಬಣ್ಣ ಹೊಡೆಸಿದಾಗ ಪೇಂಟಿನವರು ವಯರು ಕತ್ತರಿಸಿ, ಆಮೇಲೆ ಎರಡು ತುದಿ ಹೊಸೆದು, ಮೇಲೆ ಇನ್ಸುಲೇಶನ್ ಟೇಪ್ ಸುತ್ತಿ ಹೋಗಿದ್ದರು. ಟೇಪಿನ ಅಂಟು ಕರಗಿ ಜಾರಿತ್ತು. ಒಳಗೆ ತಾಮ್ರ ಹಸಿರು. ಹಂಡೆಗೆ ಹಿಡಿಯುತ್ತದಲ್ಲ ಕಿಲುಬು, ಅದೇ. ಕರಾವಳಿಯಲ್ಲಿ ಇರುವವರಿಗೆ ಇದು ಹೊಸದೇನಲ್ಲ, ಉಪ್ಪುಗಾಳಿ ಕಿಟಕಿಯ ಸರಳನ್ನೂ ಬಿಡುವುದಿಲ್ಲ, ಬಾಗಿಲ ಕೀಲನ್ನೂ ಬಿಡುವುದಿಲ್ಲ, ಇನ್ನು ಕೂದಲೆಳೆಯ ಹಾಗಿರುವ ತಾಮ್ರದ ಎಳೆಗಳನ್ನು ಬಿಡುತ್ತದೆಯೇ. ಕಿಲುಬಿನ ಮೂಲಕ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಎಳೆಗಳು ಅಲ್ಲಾಡಿದಾಗ ಒಮ್ಮೆ ತಾಗುತ್ತವೆ, ಒಮ್ಮೆ ಬಿಡುತ್ತವೆ. ಆ ತಾಗು ಬಿಡುವೇ ಬಾಕ್ಸಿನಲ್ಲಿ ಕರಕರ ಆಗಿ ಕೇಳುವುದು. ಮದ್ದಲೆ ಬಡಿದಾಗಲೇ ಯಾಕೆ ಜಾಸ್ತಿ ಅನ್ನುವುದೂ ಗೊತ್ತಾಯಿತು. ಸಬ್‌ವೂಫರ್ ಇಟ್ಟಿದ್ದು ಅದೇ ಕಪಾಟಿನ ಪಕ್ಕ. ಅದು ಗುದ್ದಿದಾಗಲೆಲ್ಲ ಕಪಾಟು ನಡುಗಿ, ಹಿಂದಿನ ಜಾಯಿಂಟೂ ನಡುಗುತ್ತಿತ್ತು.

ನಮ್ಮವಳು ಹುಣಸೆಹಣ್ಣು ತಂದು ತಿಕ್ಕಲಾ ಅಂತ ತಮಾಷೆ ಮಾಡಿದಳು. ಹಂಡೆಗೆ ಸರಿ, ವಯರಿಗೆ ಬೇಡ, ಹುಳಿ ಒಳಗೇ ಉಳಿದು ಇನ್ನಷ್ಟು ತಿನ್ನುತ್ತದೆ. ಕಿಲುಬು ತುದಿಯಲ್ಲಿ ಮಾತ್ರ ಇದ್ದರೆ ಒಂದೆರಡು ಇಂಚು ಕತ್ತರಿಸಿ ಎಸೆದು, ಹೊಳೆಯುವ ತಾಮ್ರ ಸಿಗುವವರೆಗೆ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಮತ್ತೆ ಸಿಕ್ಕಿಸಿದರೆ ಸಾಕು. ಹೊರಗೆ ಒಂದು ಎಳೆಯೂ ಚಾಚಿಕೊಂಡಿರಬಾರದು. ನಾನು ಪೂರ್ತಿ ವಯರನ್ನೇ ಬದಲಾಯಿಸಿದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಂದೂವರೆ ಚದರ ಎಂಎಂ ದಪ್ಪದ ಜೋಡಿ ವಯರು, ಅಪ್ಪಟ ತಾಮ್ರದ್ದು ಅಂತ ಕೇಳಿ, ಹನ್ನೆರಡು ಮೀಟರ್ ತಂದೆ. ನಡುವೆ ಎಲ್ಲೂ ಜಾಯಿಂಟ್ ಇಲ್ಲ. ಸರ್ವಿಸ್‌ನವರು ಬಂದು ನೋಡಿದ್ದಕ್ಕೆ ಕೊಟ್ಟದ್ದೂ, ವಯರಿಗೆ ಕೊಟ್ಟದ್ದೂ ಹೆಚ್ಚುಕಡಿಮೆ ಒಂದೇ. ಎಕ್ಸ್‌ಚೇಂಜಿನಲ್ಲಿ ಹೊಸ ಸೆಟ್ಟಿಗೆ ನಾನು ಮೇಲೆ ಹಾಕಬೇಕಿದ್ದ ದುಡ್ಡು 31,000. ಇನ್ನೂ ಒಂದು ಮಜಾ ಕೇಳಿ. ಹೊಸ ಸೆಟ್ ತಂದು ಅದೇ ಹಳೆ ವಯರಿಗೆ ಸಿಕ್ಕಿಸಿದ್ದರೆ ಅದೂ ಕರಕರ ಅನ್ನುತ್ತಿತ್ತು.

ಕರಕರ ಹೋದ ಮೇಲೆ ಅದರಡಿ ಅಡಗಿದ್ದ ಇನ್ನೊಂದು ಸದ್ದು ಕೇಳತೊಡಗಿತು. ಗುಂಯ್. ಆಟ ನಿಲ್ಲಿಸಿದರೂ ಸಬ್‌ವೂಫರಿನಿಂದ ಸಣ್ಣಗೆ ಗುಂಯ್. ಮತ್ತೆ ರೇಡಿಯೋದವರ ಹತ್ತಿರ ಹೋದೆ, ಈ ಸಲ ಕೇಳುವ ಮೊದಲೇ ಬಾಯಲ್ಲಿ ಮಾಡಿ ತೋರಿಸಿದೆ. "ಕೇಬಲ್ ಟಿವಿ ಉಂಟಾ? ಅದರ ವಯರು ಬಿಚ್ಚಿ ನೋಡು" ಅಂದರು. ಸೆಟ್‌ಟಾಪ್ ಬಾಕ್ಸಿನ ಹಿಂದೆ ತಿರುಪಿದ ದಪ್ಪ ಕೇಬಲ್ ಬಿಚ್ಚಿದ ಕೂಡಲೇ ಗುಂಯ್ ನಿಂತಿತು. ಕಂಬದಿಂದ ಕಂಬಕ್ಕೆ ಬರುವ ಕೇಬಲ್ಲಿನ ಅರ್ಥ್ (ನೆಲಕ್ಕೆ ಕೊಟ್ಟ ಸಂಪರ್ಕ) ಬೇರೆ, ನಮ್ಮ ಮನೆಯ ಅರ್ಥ್ ಬೇರೆ. ಎರಡೂ ನಮ್ಮ ಸೆಟ್ಟಿನಲ್ಲಿ ಬಂದು ಕೂಡಿದರೆ ಒಂದು ಸುತ್ತು ಆಗಿ, ಮನೆ ಕರೆಂಟಿನ 50 ಹರ್ಟ್ಸ್, ಅಂದರೆ ಸೆಕೆಂಡಿಗೆ ಐವತ್ತು ಸಲದ ಮಿಡಿತ, ಆ ಸುತ್ತಿನಲ್ಲಿ ಹರಿದು ಬಾಕ್ಸಿನಲ್ಲಿ ಗುಂಯ್ ಅನ್ನುತ್ತದೆ. ಕೇಬಲ್ಲಿನ ನಡುವೆ ಹಾಕುವ ಬೆರಳುದ್ದದ ಒಂದು ಐಸೊಲೇಟರ್ ಸಿಗುತ್ತದೆ, ಟಿವಿ ಸಿಗ್ನಲ್ ಹೋಗಲು ಬಿಟ್ಟು ಅರ್ಥಿನ ಸಂಪರ್ಕ ಮಾತ್ರ ಕತ್ತರಿಸುವುದು, ಅದನ್ನು ಹಾಕಿದೆ, ಹೋಯಿತು. ಟಿವಿಯಿಂದ ರಿಸೀವರಿಗೆ ಆಪ್ಟಿಕಲ್ ಕೇಬಲ್ ಹಾಕಿ ನೋಡುವುದೂ ಒಂದು ಉಪಾಯ. ಅದರಲ್ಲಿ ಹೋಗುವುದು ಬೆಳಕು, ಕರೆಂಟ್ ಅಲ್ಲ, ಹಾಗಾಗಿ ಆ ದಾರಿಯಲ್ಲಿ ಸುತ್ತು ಕೂಡುವುದಿಲ್ಲ.

ಆದರೆ ಈ ಗುಂಯ್ ಓಡಿಸುವುದಕ್ಕೆ ನಮ್ಮ ಕಡೆ ಇನ್ನೊಂದು ಮದ್ದು ನಡೆಯುತ್ತದೆ, ಅದನ್ನು ಮಾತ್ರ ಯಾರೂ ಮಾಡಬೇಡಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ ಮುರಿದು ಹಾಕುವುದು, ಇಲ್ಲವೇ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸುವುದು. ಸದ್ದು ಹೋಗುತ್ತದೆ, ನಿಜ. ಜೊತೆಗೆ ಅರ್ಥೂ ಹೋಗುತ್ತದೆ. ನಾಳೆ ಒಳಗೆ ಏನಾದರೂ ಕೆಟ್ಟು ಲೋಹದ ಮೈಗೆ ಕರೆಂಟ್ ಬಂದರೆ 230 ವೋಲ್ಟಿನ ಕರೆಂಟ್ ಹರಿಯುವುದು ಮುಟ್ಟಿದವರ ಮೈಯಲ್ಲಿ. ಮಳೆಗಾಲದ ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ಓಡಾಡುವ ಊರು ನಮ್ಮದು.

ಈ ಎರಡು ಸದ್ದು ಹಿಡಿದ ಮೇಲೆ ನನಗೂ ಸ್ವಲ್ಪ ಚಟ ಹತ್ತಿತು. ರೇಡಿಯೋದವರ ಅಂಗಡಿಯಲ್ಲಿ ಸಂಜೆ ಕೂತು ಕೇಳಿಸಿಕೊಂಡೆ. ಅವರ ಲೆಕ್ಕದಲ್ಲಿ ರೋಗವೆಲ್ಲ ಸದ್ದಿನ ಹೆಸರಲ್ಲೇ ಇದೆ. ವಾಲ್ಯೂಮ್ ತಿರುಗಿಸುವಾಗ ಮಾತ್ರ ಚರ್ ಚರ್ ಅಂದರೆ ಆ ತಿರುಗಣೆಯೊಳಗೆ ಧೂಳು. ಹಳೆ ಆಂಪ್ಲಿಫೈಯರುಗಳಲ್ಲಿ ಇದು ಸಾಮಾನ್ಯ, ಪ್ಲಗ್ ಕಿತ್ತು ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಬಿಟ್ಟು ಇಪ್ಪತ್ತು ಸಲ ಆಚೆ ಈಚೆ ತಿರುಗಿಸಿದರೆ ಹೆಚ್ಚಿನವು ಸರಿಹೋಗುತ್ತವೆ. ಕೊಬ್ಬರಿ ಎಣ್ಣೆ ಬಿಡುವವರೂ ಇದ್ದಾರಂತೆ, ಧೂಳಿಗೆ ಅಂಟು ಸೇರಿ ಇನ್ನೂ ಕೆಡುತ್ತದೆ. ದನಿ ಏರಿದಾಗ ಮಾತ್ರ ಬರ್ರ್ ಅಂತ ಹರಿದ ಹಾಗೆ ಕೇಳಿದರೆ ಸ್ಪೀಕರಿನ ಕೋನ್ (ಮುಂದೆ ಕಾಣುವ, ಅದುರುವ ಶಂಕು) ಹರಿದಿದೆ ಅಥವಾ ಒಳಗಿನ ಕಾಯಿಲ್ (ತಂತಿಯ ಸುರುಳಿ) ಉಜ್ಜುತ್ತಿದೆ. ಸೆಟ್ ಆಫ್ ಮಾಡಿ ಕೋನನ್ನು ಎರಡೂ ಕಡೆ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒತ್ತಿ ಬಿಡಬೇಕು. ಮರಳು ಉಜ್ಜಿದ ಹಾಗೆ ಸರಸರ ಅಂದರೆ ತೊಂದರೆ ಕಾಯಿಲಿನದ್ದೇ. ಇದನ್ನು ಮದುವೆಗೆ ಮೈಕ್ ಸೆಟ್ ಕೊಡುವ ಸೌಂಡ್ಸ್‌ನವರ ಹತ್ತಿರ ಕೇಳಿ, ಕಾಯಿಲ್ ಕಟ್ಟಿಸುವವರು ಅವರಿಗೆ ಗೊತ್ತಿರುತ್ತಾರೆ. ಸಿನಿಮಾದಲ್ಲಿ ಮಾತು ಬಂದಾಗ ಮಾತ್ರ ತೊಂದರೆ ಅಂದರೆ ನಡುವಿನ ಬಾಕ್ಸ್ ನೋಡಿ, 5.1ರಲ್ಲಿ ಮಾತು ಹೆಚ್ಚಾಗಿ ಅಲ್ಲಿಂದಲೇ ಬರುವುದು. ಚಾನೆಲ್ ಬದಲಾಯಿಸುವಾಗ ಟಕ್ ಅನ್ನುವುದು, ನಡುನಡುವೆ ಸದ್ದು ಕತ್ತರಿಸಿ ಹೋಗುವುದು, ಇದು ಡಿಜಿಟಲ್ ಕಡೆಯ ಕಾಟ. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಪಿಸಿಎಂ (ಸಂಕುಚಿತಗೊಳಿಸದ ಸಾದಾ ಡಿಜಿಟಲ್ ಸದ್ದು) ಅಂತ ಇಟ್ಟು ನೋಡಿ, ಬೇರೆ ಎಚ್‌ಡಿಎಂಐ ಕೇಬಲ್ ಹಾಕಿ ನೋಡಿ. ಟಕ್ಕಿನ ವಿಷಯ ಮಾತ್ರ ನನ್ನ ಮಗ ಹೇಳಿದ್ದು, ರೇಡಿಯೋದವರಿಗೆ ಎಚ್‌ಡಿಎಂಐ ಅಂದರೆ ಆಗುವುದಿಲ್ಲ.

ಇನ್ನು ಅರ್ಧ ಗಂಟೆ ಬಿಸಿಯಾದ ಮೇಲೆ ಶುರುವಾಗುವ ಕರಕರ, ಸೆಟ್ಟಿನ ನೆತ್ತಿಗೆ ಮೆಲ್ಲಗೆ ತಟ್ಟಿದರೆ ಬಂದು ಹೋಗುವ ಕರಕರ, ಇದು ಒಳಗೆ ಎಲ್ಲೋ ಬೆಸುಗೆ ಬಿಟ್ಟದ್ದು. ಡ್ರೈ ಸೋಲ್ಡರ್ ಅನ್ನುತ್ತಾರೆ. ಇದನ್ನು ನಾವು ಮಾಡುವುದು ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ಕರೆಂಟ್ ಕೂತಿರುತ್ತದೆ. ಬಲ್ಲವರ ಕೈಗೆ ಕೊಡಿ. ಆದರೆ ಇಲ್ಲೂ ಎಷ್ಟೋ ಸಲ ಬೇಕಾದದ್ದು ಹೊಸ ಬೋರ್ಡ್ ಅಲ್ಲ, ಒಂದು ಚಿಟಿಕೆ ಸೀಸ.

ಮಧ್ಯೆ ಒಂದು ಬೇರೆ ಮಾತು, ಜಾಹೀರಾತಿನ ವಿಷಯ ಬಂತಲ್ಲ ಅಂತ. ನಾನು ಕಿಸೆಯಲ್ಲಿಟ್ಟುಕೊಂಡಿದ್ದ ತುಂಡಿನಲ್ಲಿ ದೊಡ್ಡ ಅಕ್ಷರದಲ್ಲಿ 5000 ವ್ಯಾಟ್ ಪಿಎಂಪಿಒ ಅಂತ ಇತ್ತು. ಪಿಎಂಪಿಒ ಅಂದರೆ ಒಂದು ಕ್ಷಣಕ್ಕೆ ಮಾತ್ರ ಕೊಡಬಲ್ಲ ಗರಿಷ್ಠ ಶಕ್ತಿಯಂತೆ. ಇದಕ್ಕೆ ಎಲ್ಲರೂ ಒಪ್ಪಿದ ಅಳತೆ ಅಂತ ಒಂದಿಲ್ಲ, ಯಾರು ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ಅಂಗಡಿಗೆ ಹೋದವರು ಸೆಟ್ಟಿನ ಹಿಂದೆ ಅಂಟಿಸಿದ ಚೀಟಿ ನೋಡಿ, ಅದು ಎಷ್ಟು ವ್ಯಾಟ್ ಕರೆಂಟ್ ತಿನ್ನುತ್ತದೆ ಅಂತ ಬರೆದಿರುತ್ತದೆ. ಅರವತ್ತು ವ್ಯಾಟ್ ತಿನ್ನುವುದು ಐದು ಸಾವಿರ ವ್ಯಾಟ್ ಕೊಡುತ್ತದೆ ಅಂದರೆ ಮೊದಲು ಅದನ್ನು ಕರೆಂಟ್ ಆಫೀಸಿಗೆ ಕೊಡಬೇಕು, ಲೋಡ್‌ಶೆಡ್ಡಿಂಗ್ ತಪ್ಪುತ್ತದೆ. ಕೇಳಬೇಕಾದದ್ದು ಸೆಟ್ಟು ನಿರಂತರವಾಗಿ ಕೊಡಬಲ್ಲ ಶಕ್ತಿ, ಅಂದರೆ ಆರ್‌ಎಂಎಸ್ ಎಷ್ಟು ಅಂತ. ಸಣ್ಣ ಸೆಟ್ಟನ್ನು ಪಿಎಂಪಿಒ ನಂಬಿ ಪೂರ್ತಿ ದನಿಯಲ್ಲಿ ಇಟ್ಟರೆ ಅದು ಏದುಸಿರು ಬಿಡುತ್ತಾ ಸದ್ದನ್ನು ಕತ್ತರಿಸಿ ಕೊಡುತ್ತದೆ, ಕರಕರ ಕೇಳುತ್ತದೆ, ಹಾಗೇ ಬಿಟ್ಟರೆ ಸಣ್ಣ ಸ್ಪೀಕರ್ ಸುಡುತ್ತದೆ. ಅದಕ್ಕೆ ರಿಪೇರಿ ಅಂದರೆ ದನಿ ತಗ್ಗಿಸುವುದು, ಅಷ್ಟೇ.

ಈಗ ಈ ಪತ್ರ ಬರೆದ ಕಾರಣಕ್ಕೆ ಬರುತ್ತೇನೆ. ನನ್ನ ಸೆಟ್ಟಿನ ಜೊತೆ ಬಂದ ಕೈಪಿಡಿಯಲ್ಲಿ ಹತ್ತಾರು ಭಾಷೆ ಇವೆ, ನಾನು ಕಂಡೇ ಇರದ ಲಿಪಿಗಳೂ ಇವೆ, ಕನ್ನಡ ಇಲ್ಲ. ಟೆಸ್ಟ್ ಟೋನ್ ಬಗ್ಗೆ ಅದರಲ್ಲಿ ಎಲ್ಲೋ ಬರೆದಿದೆಯಂತೆ, ಮಗ ಹುಡುಕಿ ತೋರಿಸಿದ. ಕರ್ನಾಟಕದಲ್ಲಿ ಸೆಟ್ ಮಾರುವ ಕಂಪನಿಗಳು ಕನ್ನಡದಲ್ಲಿ ಪೂರ್ತಿ ಪುಟ ಜಾಹೀರಾತು ಕೊಡಬಲ್ಲವಾದರೆ, ಎಡ ಬಲ ಬದಲಾಯಿಸಿ ನೋಡಿ ಅಂತ ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿ ಡಬ್ಬದಲ್ಲಿ ಇಡಲಾರವೇ? ಫೋನ್ ಎತ್ತುವವರು ಬೋರ್ಡ್ ಮಾತು ತೆಗೆಯುವ ಮೊದಲು "ಯಾವ ಬಾಕ್ಸಿನಲ್ಲಿ" ಅಂತ ಒಂದು ಪ್ರಶ್ನೆ ಕೇಳಲಾರರೇ? ಸರ್ವಿಸಿಗೆ ಬರುವ ಹುಡುಗನಿಗೆ ದಿನಕ್ಕೆ ಎಂಟು ಮನೆಯ ಬದಲು ನಾಲ್ಕು ಮನೆ ಕೊಟ್ಟರೆ ಅವನೂ ಕಪಾಟು ಎಳೆದು ನೋಡಿಯಾನು.

ಬಿಡಿಭಾಗ ಬರುವುದಿಲ್ಲ ಅನ್ನುವ ಮಾತಿನ ಬಗ್ಗೆಯೂ ಹೇಳಬೇಕು. ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಒಂದು ಸಮಿತಿ ಮಾಡಿತ್ತು. ಅದೇ ವರ್ಷ ಡಿಸೆಂಬರ್ 24ರಂದು, ಗ್ರಾಹಕರ ದಿನ, ಅದಕ್ಕೊಂದು ಪೋರ್ಟಲ್ ಕೂಡ ಶುರುವಾಯಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆಯ ವಸ್ತು, ವಾಹನ, ಈ ನಾಲ್ಕು ಬಗೆಯ ಕಂಪನಿಗಳು ಕೈಪಿಡಿ, ಬಿಡಿಭಾಗ, ರಿಪೇರಿಯ ಮಾಹಿತಿಯನ್ನು ಅಲ್ಲಿ ಗ್ರಾಹಕರಿಗೆ ಕೊಡಬೇಕು ಅನ್ನುವುದು ಉದ್ದೇಶ. ನಮ್ಮ ಊರಲ್ಲಿ ಹತ್ತು ಜನರನ್ನು ಕೇಳಿದೆ, ಒಬ್ಬರಿಗೂ ಇದು ಗೊತ್ತಿರಲಿಲ್ಲ. ಗ್ರಾಹಕರ ಸಹಾಯವಾಣಿ 1915 ಕೂಡ ಇಬ್ಬರಿಗೆ ಮಾತ್ರ ಗೊತ್ತಿತ್ತು. ನಿಮ್ಮ ಪತ್ರಿಕೆಯಲ್ಲಿ ಎಕ್ಸ್‌ಚೇಂಜ್ ಜಾಹೀರಾತಿನ ಕೆಳಗೆ ಒಂದು ಸಾಲು ಜಾಗ ಉಳಿದರೆ ಈ ನಂಬರ್ ಹಾಕಿ ಅಂತ ಕೇಳಿದರೆ ನಿಮ್ಮ ಜಾಹೀರಾತು ವಿಭಾಗದವರು ಬೈಯಬಹುದು, ಆದರೂ ಕೇಳುತ್ತೇನೆ.

ಇನ್ನೊಂದು ಬೇಡಿಕೆ. ವಾರಕ್ಕೊಮ್ಮೆ ರಾಶಿಫಲದ ಪಕ್ಕದಲ್ಲಿ ಕಾಲು ಪುಟ ಮನೆ ರಿಪೇರಿಗೆ ಕೊಡಿ. ಓದುಗರು ತಮ್ಮ ಮಿಕ್ಸಿ, ಪಂಪ್, ಟಿವಿ ಎಂಥ ಸದ್ದು ಮಾಡುತ್ತದೆ ಅಂತ ಬರೆಯಲಿ, ಊರೂರಿನ ಹಳೆ ರಿಪೇರಿಯವರಿಂದ ಉತ್ತರ ಕೇಳಿ ಹಾಕಿ. ನಮ್ಮ ರೇಡಿಯೋದವರು ಬರೆಯುವವರಲ್ಲ, ಅವರು ಹೇಳಿದ್ದನ್ನು ಬರೆದು ಕಳಿಸುವ ಕೆಲಸ ನಾನು ಮಾಡುತ್ತೇನೆ. ಮೊದಲ ಪ್ರಶ್ನೆಯೂ ನನ್ನದೇ. ಪಕ್ಕದ ಮನೆಯ ಬಾವಿ ಪಂಪ್ ಶುರುವಾದ ಕೂಡಲೇ ನಮ್ಮ ಸಬ್‌ವೂಫರ್ ಒಮ್ಮೆ ಟಪ್ ಅನ್ನುತ್ತದೆ, ಒಂದೇ ಸಲ. ಅಪ್ಪನಿಗೆ ಅದು ತೊಂದರೆ ಇಲ್ಲವಂತೆ, ವೇಷ ರಂಗಕ್ಕೆ ಬಂದ ಹಾಗೆ ಕೇಳುತ್ತದಂತೆ. ನನಗೆ ಮಾತ್ರ ನಿದ್ದೆ ಬರುತ್ತಿಲ್ಲ.

ಇಂತಿ ನಿಮ್ಮ,
ಒಬ್ಬ ಓದುಗ, ಕುಮಟಾ